ರಜೆಗೆ ಮುಂಚೆ ನಾವು ಕೊಟ್ಟ ಸಂಗೀತದ ಡಬ್ಬಿ

ಪ್ರೀಸ್ಕೂಲಿನಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳ ಜೊತೆ ಕೆಲಸ ಮಾಡುವವಳು ನಾನು. ವರ್ಷದ ಕೊನೆಯ ರಜೆ ಹತ್ತಿರ ಬಂತು ಅಂದರೆ ನಮ್ಮಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತಿದ್ದವು. ಒಂದು, ಇಲ್ಲದವರಿಗೆ ಏನಾದರೂ ಕೊಡೋಣ ಅಂತ ದೊಡ್ಡ ರಟ್ಟಿನ ಪೆಟ್ಟಿಗೆ ಇಡುವುದು. ಇನ್ನೊಂದು, ಮಕ್ಕಳನ್ನು ವೇದಿಕೆ ಹತ್ತಿಸಿ ಹಾಡಿಸುವುದು. ಎರಡರಲ್ಲೂ ಮಕ್ಕಳ ಪಾಲು ಅಷ್ಟಕ್ಕಷ್ಟೇ. ಪೆಟ್ಟಿಗೆಗೆ ಬೀಳುವ ಸಾಮಾನನ್ನು ಅಮ್ಮ ಕೊಂಡಿರುತ್ತಾರೆ, ಅಪ್ಪ ಬಣ್ಣದ ಕಾಗದ ಸುತ್ತಿರುತ್ತಾರೆ. ಮಗು ಅದನ್ನು ಗೇಟಿನಿಂದ ಪೆಟ್ಟಿಗೆಯವರೆಗೆ ಹೊತ್ತು ತರುತ್ತದೆ, ಅಷ್ಟೇ. ಒಳಗೇನಿದೆ ಅಂದರೆ ಗೊತ್ತಿಲ್ಲ. ಯಾರಿಗೆ ಅಂದರೆ ‘ಮಿಸ್‌ಗೆ’ ಅನ್ನುತ್ತದೆ. ವೇದಿಕೆಯ ಕಥೆಯೂ ಹೆಚ್ಚುಕಮ್ಮಿ ಅದೇ. ಇಬ್ಬರು ಹಾಡುತ್ತಾರೆ, ಒಬ್ಬಳು ಅಳುತ್ತಾಳೆ, ಉಳಿದವರು ಮೊಬೈಲ್ ಹಿಡಿದ ಗುಂಪಿನಲ್ಲಿ ತಮ್ಮ ಅಪ್ಪ ಅಮ್ಮ ಎಲ್ಲಿ ಅಂತ ಹುಡುಕುತ್ತಾ ನಿಂತಿರುತ್ತಾರೆ.

ಈ ಸಲ ಎರಡನ್ನೂ ಸೇರಿಸಿ ಒಂದೇ ಮಾಡೋಣ ಅಂತ ನಾನೂ ನನ್ನ ಜೊತೆಯ ಟೀಚರೂ ಮಾತಾಡಿಕೊಂಡೆವು. ಹತ್ತಿರದಲ್ಲೇ ಇನ್ನೊಂದು ಚಿಕ್ಕ ಪ್ರೀಸ್ಕೂಲ್ ಇದೆ. ಅಲ್ಲಿ ಹಾಡುತ್ತಾರೆ, ಆದರೆ ಕೈಗೆ ಹಿಡಿದು ನುಡಿಸೋಕೆ ಏನೂ ಇಲ್ಲ. ನಮ್ಮ ಮಕ್ಕಳು ಒಂದು ಡಬ್ಬಿ ವಾದ್ಯ ಸೇರಿಸಬೇಕು, ಕೆಲವನ್ನು ತಾವೇ ಮಾಡಬೇಕು, ಆಮೇಲೆ ಅಲ್ಲಿಗೆ ಹೋಗಿ ಆ ಮಕ್ಕಳ ಜೊತೆ ಕೂತು ನುಡಿಸಿ ಬಿಟ್ಟು ಬರಬೇಕು. ವೇದಿಕೆ ಇಲ್ಲ, ಬಣ್ಣದ ಕಾಗದ ಇಲ್ಲ.

ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಅಪ್ಪ ನೇರವಾಗಿ ಕೇಳಿದರು: “ಈ ವಯಸ್ಸಿಗೆ ಕೊಡೋದು ಅಂದ್ರೇನು ಅಂತ ಗೊತ್ತಾಗುತ್ತಾ ಮಿಸ್? ನಮ್ಮ ಮಗ ಅವರಣ್ಣನಿಗೆ ಒಂದು ಬಿಸ್ಕತ್ತು ಬಿಟ್ಟುಕೊಡಲ್ಲ.” ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಸರಿಯಾಗೇ ಇತ್ತು. ನನಗೆ ಇದರ ಬಗ್ಗೆ ಓದಿದ್ದು ನೆನಪಿತ್ತು, ಹೇಳಿದೆ. 2012ರಲ್ಲಿ ಲಾರಾ ಅಕ್ನಿನ್, ಕೈಲಿ ಹ್ಯಾಮ್ಲಿನ್, ಎಲಿಜಬೆತ್ ಡನ್ ಅಂತ ಮೂವರು ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಇನ್ನೂ ಎರಡು ವರ್ಷ ತುಂಬದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಮಗುವಿನ ಮುಂದೆ ಒಂದು ಕೈಗೊಂಬೆ. ಮಗುವಿಗೆ ಒಂದಿಷ್ಟು ತಿಂಡಿ ಕೊಟ್ಟರು. ಆಮೇಲೆ ಗೊಂಬೆಗೂ ಕೊಡು ಅಂದರು. ಒಮ್ಮೆ ಬೇರೆ ಕಡೆಯಿಂದ ಬಂದ ತಿಂಡಿ, ಇನ್ನೊಮ್ಮೆ ಮಗುವಿನ ಬಟ್ಟಲಿನದ್ದೇ. ಮಕ್ಕಳ ಮುಖದಲ್ಲಿ ಎಷ್ಟು ಖುಷಿ ಇದೆ ಅಂತ ವಿಡಿಯೋ ನೋಡಿ ಅಂಕ ಹಾಕಿದರು. ತಾನು ತಗೊಂಡಾಗಿಗಿಂತ ಗೊಂಬೆಗೆ ಕೊಟ್ಟಾಗ ಮಕ್ಕಳು ಜಾಸ್ತಿ ಖುಷಿಯಾಗಿದ್ದರು. ಅದರಲ್ಲೂ ತಮ್ಮ ಬಟ್ಟಲಿನಿಂದಲೇ ಎತ್ತಿ ಕೊಟ್ಟಾಗ ಇನ್ನೂ ಜಾಸ್ತಿ.

“ಹಾಗಾದ್ರೆ ಅಣ್ಣನ ಬದಲು ಗೊಂಬೆ ತರಬೇಕು” ಅಂದರು ಆ ಅಪ್ಪ. ಆದರೂ ಒಪ್ಪಿದರು. ನನಗೆ ಆ ಪ್ರಯೋಗದಲ್ಲಿ ಮುಖ್ಯ ಅನಿಸಿದ್ದು ಆ ಬಟ್ಟಲು. ಅಪ್ಪ ಅಮ್ಮ ಅಂಗಡಿಯಿಂದ ತಂದದ್ದನ್ನು ದಾಟಿಸಿದರೆ ಮಗುವಿಗೆ ಅದು ಸುಮ್ನೆ ಒಂದು ಸಾಗಾಟ. ತಾನು ಆಡಿದ್ದು, ತಾನು ಮಾಡಿದ್ದು, ತನಗೂ ಇಷ್ಟವಾದದ್ದು ಆಗಿರಬೇಕು. ಈ ಒಂದು ವಿಷಯದಲ್ಲಿ ನಾನು ಕೊನೆವರೆಗೂ ಹಟ ಬಿಡಲಿಲ್ಲ.

ಏನು ಕೊಡಬೇಕು ಅಂತ ನಾವೇ ತೀರ್ಮಾನಿಸುವ ಮೊದಲು ಆ ಕಡೆಯ ಟೀಚರಿಗೆ ಫೋನ್ ಮಾಡಿದೆ. ಇದನ್ನು ಯಾರೂ ಯಾಕೆ ಮಾಡುವುದಿಲ್ಲವೋ ಗೊತ್ತಿಲ್ಲ. ಅವರ ಉತ್ತರ ಎರಡೇ ನಿಮಿಷದಲ್ಲಿ ಮುಗಿಯಿತು: “ಮೇಡಂ, ದೊಡ್ಡದೊಂದು ಬೇಡ. ಒಂದು ಕೀಬೋರ್ಡ್ ಕೊಟ್ರೆ ಒಬ್ಬ ನುಡಿಸ್ತಾನೆ, ಉಳಿದವರು ಜಗಳ ಆಡ್ತಾರೆ. ಎಲ್ಲರ ಕೈಗೂ ಒಂದೊಂದು ಸಿಗೋ ಹಾಗೆ ಕೊಡಿ. ಎತ್ತಿಡೋಕೆ ಮುಚ್ಚಳ ಇರೋ ಡಬ್ಬಿ ಕೊಡಿ. ಬ್ಯಾಟರಿ ಸಾಮಾನು ಮಾತ್ರ ಬೇಡವೇ ಬೇಡ.”

ಇದನ್ನು ಹಾಗೇ ಪೋಷಕರಿಗೆ ಕಳಿಸಿದೆ. ಮೊದಲ ವಾರ ಬಂದದ್ದರಲ್ಲಿ ಅರ್ಧಕ್ಕರ್ಧ ಬ್ಯಾಟರಿ ಸಾಮಾನು! ಗುಂಡಿ ಒತ್ತಿದರೆ ತಾನೇ ಹಾಡುವ ಗಿಟಾರು, ಲೈಟು ಮಿನುಗುವ ಮೈಕು, ಬಾಲ ಎಳೆದರೆ ಕುಣಿಯುವ ನಾಯಿ. ಇವುಗಳಲ್ಲಿ ಸಂಗೀತ ಮಾಡುವುದು ಆಟಿಕೆ, ಮಗು ಅಲ್ಲ. ಒತ್ತಿದ್ದಕ್ಕೆ ಪ್ರತಿ ಸಲ ಅದೇ ಹಾಡು, ಅದೇ ಜೋರು. ಮೆತ್ತಗೆ ಒತ್ತಿದರೆ ಮೆತ್ತಗೆ ಬರಲ್ಲ. ಒಂದು ಗಿಲಕಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಮೆಲ್ಲಗೆ ಕೇಳುತ್ತದೆ, ಜೋರಾಗಿ ಅಲ್ಲಾಡಿಸಿದರೆ ಜೋರಾಗಿ. ಎರಡು ವರ್ಷದ ಮಗುವಿಗೂ ಈ ಲೆಕ್ಕ ತಕ್ಷಣ ಗೊತ್ತಾಗುತ್ತದೆ.

ಸಾಮಾನು ಆರಿಸುವ ಕೆಲಸಕ್ಕೆ ನಾಲ್ಕೈದು ಜನ ಅಮ್ಮಂದಿರು ಸಂಜೆ ಕೂತರು. ಇಲ್ಲಿ ಮುಲಾಜು ನೋಡಬಾರದು ಅಂತ ಮೊದಲೇ ಮಾತಾಗಿತ್ತು. ಬಟನ್ ಸೆಲ್, ಅಂದರೆ ಅಂಗಿ ಗುಂಡಿಯಂಥ ಚಪ್ಪಟೆ ಬ್ಯಾಟರಿ, ಹಾಕುವ ಯಾವುದೂ ಒಳಗೆ ಬರಲಿಲ್ಲ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದ್ದರೂ ಸರಿ, ಬೇಡ ಅಂದೆವು. ಮಗು ಆ ಸೆಲ್ ನುಂಗಿ, ಅದು ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಆಮೇಲೆ ಚಿಕ್ಕ ತುಂಡುಗಳ ಪರೀಕ್ಷೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋಕೆ ಒಂದು ಅಳತೆಯ ಕೊಳವೆ ಇದೆ. ಅದರ ಬಾಯಿ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿದುಹೋಗುವ ತುಂಡು ಮಗುವಿನ ಗಂಟಲಿಗೂ ಇಳಿಯಬಹುದು ಅಂತ ಲೆಕ್ಕ. ನಮ್ಮ ಹತ್ತಿರ ಆ ಕೊಳವೆ ಇರಲಿಲ್ಲ. ಟಿಶ್ಯೂ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಇಟ್ಟುಕೊಂಡೆವು. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ನಮ್ಮ ಪರೀಕ್ಷೆ ಇನ್ನೂ ಬಿಗಿ. ಸಡಿಲವಾದ ಗೆಜ್ಜೆ, ಕಿತ್ತು ಬರುವ ಮಣಿ, ರಬ್ಬರ್ ತುದಿ ಕಳಚುವ ಕೋಲು, ಎಲ್ಲ ಪಕ್ಕಕ್ಕೆ ಹೋದವು.

ಪೀಪಿಗಳು ಒಂದು ರಾಶಿ ಬಂದಿದ್ದವು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುವ ವಸ್ತು, ಶೀತ ಕೆಮ್ಮಿನ ಕಾಲ. ಅವೂ ಹೊರಗೆ. ಒಬ್ಬ ಅಮ್ಮನಿಗೆ ಸ್ವಲ್ಪ ಬೇಜಾರಾಯಿತು, ಹೊಸದೇ ತಂದಿದ್ದರು. ನಿಮ್ಮ ಮಗಳೇ ಇಟ್ಟುಕೊಳ್ಳಲಿ ಅಂದೆ. ಇನ್ನು ಸದ್ದಿನ ವಿಷಯ. ಮೊಬೈಲ್, ಇಯರ್‌ಫೋನ್‌ನಂಥ ಸಾಧನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಿತಿ ಹೇಳಿತು: ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75. ಅದು ಆಟಿಕೆಗೆ ಹೇಳಿದ್ದಲ್ಲ ನಿಜ. ಆದರೆ ಮಕ್ಕಳು ವಾದ್ಯವನ್ನು ದೊಡ್ಡವರ ಹಾಗೆ ಕೈಚಾಚಿ ಹಿಡಿಯುವುದಿಲ್ಲ, ಕಿವಿಗೇ ಆನಿಸಿಕೊಳ್ಳುತ್ತಾರೆ. ಕಂಚಿನ ದೊಡ್ಡ ತಾಳ ಒಂದು ಜೊತೆ ಇತ್ತು. ಒಮ್ಮೆ ಬಡಿದು ನೋಡಿ, ನಾವೇ ಕಿವಿ ಮುಚ್ಚಿಕೊಂಡು, ವಾಪಸ್ ಕಳಿಸಿದೆವು.

ಉಳಿದದ್ದು: ಮರದ ಬಡಿಕೋಲುಗಳು, ಮಣಿಕಟ್ಟಿಗೆ ಕಟ್ಟುವ ಗೆಜ್ಜೆಪಟ್ಟಿಗಳು, ಕೆಲವು ಚಿಕ್ಕ ಡೋಲು, ಒಂದು ಝೈಲೋಫೋನ್ (ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ). ಎಲ್ಲರ ಕೈಗೂ ಸಾಲುವಷ್ಟು ಇರಲಿಲ್ಲ. ಸಾಲದ್ದನ್ನು ಮಕ್ಕಳೇ ಮಾಡಿದರು, ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಮಾಡಿದ್ದು ಗಿಲಕಿ. ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಬಾಟಲಿಗಳು, ತುಂಬಿಸೋಕೆ ಒಣಗಿದ ಕಾಳು, ಮರಳು, ದಪ್ಪ ಮಣಿ. ನಾಲ್ಕು ವರ್ಷದ ಒಬ್ಬಳು ಒಂದೊಂದೇ ಕಾಳು ಹಾಕುತ್ತಾ ಬಾಟಲಿಯನ್ನು ಕತ್ತಿನವರೆಗೂ ತುಂಬಿಸಿದಳು. ಮುಚ್ಚಳ ಹಾಕಿ ಅಲ್ಲಾಡಿಸಿದಳು. ಸದ್ದೇ ಇಲ್ಲ. ಮತ್ತೆ ಜೋರಾಗಿ ಅಲ್ಲಾಡಿಸಿದಳು. ಬಾಟಲಿಯನ್ನು ಕಿವಿ ಹತ್ತಿರ ಹಿಡಿದಳು. “ಮಿಸ್, ಇದು ಕೆಟ್ಟೋಗಿದೆ” ಅಂದಳು. ಏನು ಮಾಡೋಣ ಅಂದೆ. ಪಕ್ಕದಲ್ಲಿ ಕೂತ ಹುಡುಗನ ಬಾಟಲಿಯಲ್ಲಿ ಕಾಲುಭಾಗ ಕಾಳು, ಅದು ಝಲ್ ಝಲ್ ಅನ್ನುತ್ತಿತ್ತು. ಅವಳು ಅವನ ಬಾಟಲಿ ನೋಡಿದಳು, ತನ್ನದು ನೋಡಿದಳು, ತಟ್ಟೆಗೆ ಒಂದಿಷ್ಟು ಸುರಿದಳು. ಅಲ್ಲಾಡಿಸಿದಳು. ಇನ್ನೊಂದಿಷ್ಟು ಸುರಿದಳು. ಕಾಳಿಗೆ ಓಡಾಡಲು ಜಾಗ ಬೇಕು ಅನ್ನುವುದನ್ನು ನಾನು ಬಾಯಿ ಬಿಟ್ಟು ಹೇಳಬೇಕಾಗಲೇ ಇಲ್ಲ. ಆಮೇಲೆ ಅವಳೇ ಮೇಜಿನ ಸುತ್ತ ತಿರುಗಿ “ನಿಂದು ಜಾಸ್ತಿ ಆಯ್ತು, ನಿಂದು ಸರಿ ಇದೆ” ಅಂತ ಎಲ್ಲರಿಗೂ ಹೇಳತೊಡಗಿದಳು.

ಮರಳಿನದು ಸುಯ್ ಅನ್ನುತ್ತದೆ, ಮಣಿಯದು ಟಕಟಕ ಅನ್ನುತ್ತದೆ. ಕಣ್ಣು ಮುಚ್ಚಿಕೊಂಡು ಯಾವುದು ಯಾವುದು ಅಂತ ಹೇಳುವ ಆಟ ಅಲ್ಲೇ ಹುಟ್ಟಿತು. ಮುಚ್ಚಳ ಅಂಟಿಸುವುದು ಮಾತ್ರ ದೊಡ್ಡವರ ಕೆಲಸ. ಗಟ್ಟಿ ಅಂಟು ಹಾಕಿ, ಒಂದು ರಾತ್ರಿ ಒಣಗಿಸಿ, ಮೇಲೆ ಟೇಪ್ ಸುತ್ತಿ, ಎಳೆದು ತಿರುಚಿ ನೋಡಿದ ಮೇಲೆಯೇ ಡಬ್ಬಿಗೆ. ಒಣಕಾಳು ಗಂಟಲಲ್ಲಿ, ಮೂಗಲ್ಲಿ ಸಿಕ್ಕಿಕೊಂಡರೆ ನೆಂದು ಉಬ್ಬುತ್ತದೆ ಅನ್ನುವುದು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರಿಗೆ ಗೊತ್ತೇ ಇರುತ್ತದೆ.

ಝೈಲೋಫೋನಿನ ವಿಷಯದಲ್ಲಿ ಸಣ್ಣ ಜಟಾಪಟಿ ಆಯಿತು. ಅದರ ಪಟ್ಟಿಗಳನ್ನು ಎತ್ತಿ ತೆಗೆಯಬಹುದು. ನಾನು ಎಫ್ ಮತ್ತು ಬಿ, ಅಂದರೆ ಸಿ ಪಟ್ಟಿಯನ್ನು ಸ ಅಂತ ಇಟ್ಟುಕೊಂಡರೆ ಮ ಮತ್ತು ನಿ, ಎರಡನ್ನೂ ತೆಗೆದಿಟ್ಟೆ. ಒಬ್ಬ ಅಮ್ಮ ಸಂಗೀತ ಕಲಿತವರು. “ಕೊಡೋದು ಕೊಡ್ತೀವಿ, ಸ್ವರ ಕಮ್ಮಿ ಮಾಡಿ ಕೊಡೋದಾ?” ಅಂದರು. ಉಳಿದ ಸ ರಿ ಗ ಪ ದ ನುಡಿಸಿ ತೋರಿಸಿದೆ. “ಇದು ಮೋಹನ ರಾಗ ಅಲ್ವಾ!” ಅಂದರು ತಕ್ಷಣ. ಹೌದು. ಆ ಎರಡು ಪಟ್ಟಿ ಇಲ್ಲದಿದ್ದರೆ ಅರ್ಧ ಸ್ವರದಷ್ಟೇ ಅಂತರದಲ್ಲಿ ಅಕ್ಕಪಕ್ಕ ಇದ್ದು ತಿಕ್ಕಾಡುವ ಜೋಡಿ ಉಳಿಯುವುದೇ ಇಲ್ಲ. ಮೂರು ಮಕ್ಕಳು ಒಟ್ಟಿಗೆ ಎಲ್ಲೆಂದರಲ್ಲಿ ಬಡಿದರೂ ಕಿವಿಗೆ ಹಿತವಾಗೇ ಇರುತ್ತದೆ. ಈ ಉಪಾಯ ನನ್ನದಲ್ಲ. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್, ಡೊರೊಥೀ ಗುಂಥರ್ ಜೊತೆ 1924ರಲ್ಲಿ ಮ್ಯೂನಿಕ್‌ನಲ್ಲಿ ಒಂದು ಶಾಲೆ ಶುರು ಮಾಡಿದರು. ಅಲ್ಲಿ ಬೆಳೆದ ವಿಧಾನವನ್ನು ಗುನಿಲ್ಡ್ ಕೀಟ್‌ಮನ್ ಜೊತೆ ಸೇರಿ ಮಕ್ಕಳಿಗೆ ಹೊಂದುವ ಹಾಗೆ ಬದಲಾಯಿಸಿ, 1948ರಲ್ಲಿ ಬವೇರಿಯಾದ ರೇಡಿಯೋದಲ್ಲಿ ಮಕ್ಕಳಿಗಾಗಿ ಪ್ರಸಾರ ಶುರು ಮಾಡಿದರು. ಮಾತು, ಕುಣಿತ, ಬಡಿತ ಎಲ್ಲ ಸೇರಿಸಿ ಕಲಿಸುವ ದಾರಿ ಅದು. ಪಟ್ಟಿ ತೆಗೆದು ನುಡಿಸುವುದು ಅದರ ಒಂದು ಸಣ್ಣ ಭಾಗ. ತೆಗೆದ ಎರಡು ಪಟ್ಟಿಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿ ‘ಆಮೇಲೆ’ ಅಂತ ಬರೆದು ಡಬ್ಬಿಯ ತಳಕ್ಕೆ ಇಟ್ಟೆವು. ಆ ಅಮ್ಮನಿಗೂ ಸಮಾಧಾನವಾಯಿತು.

ಹಾಡು ಆರಿಸುವಾಗ ಎರಡು ಸಂಗತಿ ನೋಡಿಕೊಂಡೆ. ಮೊದಲನೆಯದು ಶ್ರುತಿ. ನಾವು ದೊಡ್ಡವರು ನಮಗೆ ಆರಾಮ ಆಗುವ ತಗ್ಗಿನಲ್ಲಿ ಹಾಡಿಬಿಡುತ್ತೇವೆ, ಮಕ್ಕಳು ಅಲ್ಲಿಗೆ ಇಳಿಯಲಾರದೆ ಗೊಣಗುತ್ತಾರೆ. ನಾವು ಅವರಿಗೆ ಸ್ವರಜ್ಞಾನ ಇಲ್ಲ ಅನ್ನುತ್ತೇವೆ! ಮೂರು ನಾಲ್ಕು ವರ್ಷದವರ ಗಂಟಲಿಗೆ ಪಿಯಾನೋದ ನಟ್ಟನಡುವೆ ಇರುವ ಸಿ ಸ್ವರದ ಮೇಲಿನ ಡಿಯಿಂದ ಎ ವರೆಗಿನ ಐದಾರು ಸ್ವರ ಸಲೀಸು. ಅಷ್ಟರೊಳಗೇ ಸುತ್ತುವ ಚಿಕ್ಕ ಹಾಡು ಕಟ್ಟಿದೆವು. ಮಕ್ಕಳು ದೂರದಿಂದ ಒಬ್ಬರನ್ನೊಬ್ಬರು ಕೂಗುವಾಗ ದನಿ ಪ ಇಂದ ಗ ಗೆ ಇಳಿದ ಹಾಗೆ ಕೇಳುತ್ತದೆ, ಗಮನಿಸಿದ್ದೀರಾ? ಹಂಗೆರಿಯ ಸಂಗೀತಗಾರ ಜೋಲ್ಟಾನ್ ಕೊಡಾಯ್ ಹೆಸರಿನ ಸಂಗೀತ ಪಾಠಕ್ರಮ ಶುರುವಾಗುವುದೇ ಆ ಎರಡು ಸ್ವರದಿಂದ. ನಮ್ಮ ಹಾಡೂ ಅಲ್ಲಿಂದಲೇ ಶುರುವಾಯಿತು. ಅದರಲ್ಲಿ ಇದ್ದದ್ದು ಹೆಸರು ಕರೆಯುವುದು, ‘ತಗೋ’, ‘ಕೊಡು’, ಅಷ್ಟೇ.

ಎರಡನೆಯದು ವೇಗ. ಪುಟ್ಟ ಮಕ್ಕಳನ್ನು ಅವರ ಪಾಡಿಗೆ ಬಡಿಯಲು ಬಿಟ್ಟರೆ ದೊಡ್ಡವರಿಗಿಂತ ಬೇಗ ಬೇಗ ಬಡಿಯುತ್ತಾರೆ. ನಿಧಾನ, ನಿಧಾನ ಅಂತ ಎಳೆಯುವುದರಿಂದ ಏನೂ ಆಗಲ್ಲ. ನಾವೇ ಅವರ ವೇಗಕ್ಕೆ ಹೋಗಬೇಕು. ರೆಕಾರ್ಡ್ ಮಾಡಿದ ಸಂಗೀತ ಹಾಕಿ ಅದಕ್ಕೆ ತಾಳ ಹಾಕಿಸುವುದನ್ನೂ ಬಿಟ್ಟೆವು. ಸೆಬಾಸ್ಟಿಯನ್ ಕಿರ್ಶ್ನರ್, ಮೈಕೆಲ್ ಟೊಮಸೆಲ್ಲೊ ಅನ್ನುವ ಸಂಶೋಧಕರು 2009ರಲ್ಲಿ ತೋರಿಸಿದ್ದು ಇದೇ: ಯಂತ್ರದ ಬಡಿತಕ್ಕಿಂತ ಎದುರಿಗೆ ಕೂತ ಮನುಷ್ಯ ಡೋಲು ಬಡಿದಾಗ ಪ್ರೀಸ್ಕೂಲ್ ಮಕ್ಕಳ ತಾಳ ಚೆನ್ನಾಗಿ ಕೂಡುತ್ತದೆ. ನಮ್ಮ ತರಗತಿಯಲ್ಲಂತೂ ಇದಕ್ಕೆ ಪ್ರಯೋಗವೇ ಬೇಡ. ಸ್ಪೀಕರ್ ಹಾಕಿದರೆ ಮಕ್ಕಳು ಓಡಾಡುತ್ತಾರೆ, ನಾನು ಕೆಳಗೆ ಕೂತು ಬಡಿದರೆ ಮಡಿಲ ಹತ್ತಿರ ಬರುತ್ತಾರೆ.

ಅಭ್ಯಾಸ ಅಂತ ನಾವು ಮಾಡಿದ್ದು ಒಂದು ಆಟ. ವೃತ್ತದಲ್ಲಿ ಕೂರುವುದು, ಎಲ್ಲರ ಕೈಲೂ ಒಂದೊಂದು ವಾದ್ಯ. ಹಾಡು ನಡೆಯುವಾಗ ನುಡಿಸುವುದು, ನಿಂತಾಗ ತಕ್ಷಣ ನಿಲ್ಲಿಸುವುದು, ‘ತಗೋ’ ಅಂದಾಗ ಪಕ್ಕದವರಿಗೆ ದಾಟಿಸುವುದು. ನಿಲ್ಲಿಸುವುದು ಬೇಗ ಬಂತು, ಮಕ್ಕಳಿಗೆ ಅದೇ ಮಜಾ. ದಾಟಿಸುವುದು ಬರಲು ತಿಣುಕಾಡಿದರು. ಡೋಲು ಕೈಗೆ ಬಂದವರು ಅದನ್ನು ಬಿಡುತ್ತಲೇ ಇರಲಿಲ್ಲ. ನಮ್ಮ ಉದ್ದೇಶಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ ಬಿಡಿ. ಬಿಟ್ಟುಕೊಟ್ಟರೂ ಮತ್ತೆ ಸುತ್ತಿ ಬರುತ್ತದೆ ಅಂತ ಗೊತ್ತಾದ ಮೇಲೆ ಹಿಡಿತ ತಾನಾಗೇ ಸಡಿಲವಾಯಿತು.

ಒಬ್ಬ ಹುಡುಗನದು ಮಾತ್ರ ಸಡಿಲವಾಗಲಿಲ್ಲ. ಅವನು ಮನೆಯಿಂದ ತನ್ನದೇ ಡೋಲು ತಂದಿದ್ದ, ಕೊಡ್ತೀನಿ ಅಂತ ಹೇಳಿಯೂ ಇದ್ದ. ಹೊರಡುವ ಹಿಂದಿನ ದಿನ ಡಬ್ಬಿಯಲ್ಲಿ ಅದನ್ನು ನೋಡಿ ತೆಗೆದುಕೊಂಡು ಎದೆಗೆ ಅವುಚಿಕೊಂಡ. ಅವನ ಅಮ್ಮನಿಗೆ ಎಲ್ಲರ ಮುಂದೆ ನಾಚಿಕೆ. “ಕೊಡು ಪುಟ್ಟ, ಜಾಣ ಮಕ್ಕಳು ಕೊಡ್ತಾರೆ” ಅಂತ ಒಂದು ಕಡೆಯಿಂದ, “ನಾಳೆ ಹೊಸದು ಕೊಡಿಸ್ತೀನಿ” ಅಂತ ಇನ್ನೊಂದು ಕಡೆಯಿಂದ. ನಾನು ಬೇಡ ಅಂದೆ. ಹೊಸದರ ಆಸೆ ತೋರಿಸಿ ಕಿತ್ತುಕೊಂಡರೆ ಅದು ವ್ಯಾಪಾರ ಆಯಿತು. ಅವನು ಡೋಲು ಹಿಡಿದುಕೊಂಡೇ ಬಂದ, ಅಲ್ಲಿ ಎಲ್ಲರ ಜೊತೆ ನುಡಿಸಿದ, ಆ ಕಡೆಯ ಇಬ್ಬರಿಗೆ ಒಂದೊಂದು ಸರದಿ ಬಡಿಯಲು ಕೊಟ್ಟ, ವಾಪಸ್ ಇಸ್ಕೊಂಡು ಮನೆಗೆ ಹೋದ. ಅವನು ಮಾಡಿದ ಗಿಲಕಿ ಡಬ್ಬಿಯಲ್ಲೇ ಉಳಿಯಿತು, ಅದರ ಬಗ್ಗೆ ಅವನಿಗೆ ಏನೂ ಅನಿಸಲಿಲ್ಲ.

ಹೋದ ದಿನ ನಮ್ಮ ಮಕ್ಕಳು ಒಂದು ಕಡೆ, ಅವರ ಮಕ್ಕಳು ಒಂದು ಕಡೆ ಕೂರಲು ಬಿಡಲಿಲ್ಲ. ಒಬ್ಬರು ಬಿಟ್ಟು ಒಬ್ಬರನ್ನು ಕೂರಿಸಿದೆವು. ಕೊಡುವವರು ಯಾರು, ತಗೊಳ್ಳುವವರು ಯಾರು ಅಂತ ಹೊರಗಿನವರಿಗೆ ಗೊತ್ತಾಗಬಾರದು ಅಂತ ನನಗೆ ಮೊದಲಿಂದಲೂ ಇತ್ತು. ಸಾಲಾಗಿ ನಿಲ್ಲಿಸಿ, ಕೈಗೆ ಕೊಡಿಸಿ, ಫೋಟೋ ಹೊಡೆಯುವುದು ಬೇಡವೆಂದು ಪೋಷಕರಿಗೂ ಹೇಳಿದ್ದೆ. ಒಬ್ಬಿಬ್ಬರು ಮುಖ ಸಣ್ಣದು ಮಾಡಿದರು, ಆದರೆ ಮೊಬೈಲ್ ತೆಗೆಯಲಿಲ್ಲ.

ಮೆತ್ತನೆಯ ವಾದ್ಯಗಳಿಂದ ಶುರು ಮಾಡಿದೆವು. ಮೊದಲು ಮರಳಿನ ಗಿಲಕಿ, ಆಮೇಲೆ ಗೆಜ್ಜೆ, ಕೊನೆಗೆ ಕೋಲು, ಡೋಲು. ಆದರೂ ಎಲ್ಲ ಒಟ್ಟಿಗೆ ಸೇರಿದಾಗ ಒಬ್ಬ ಪುಟ್ಟ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಇಂಥವರಿಗೆ ಅಂತಲೇ ಬಾಗಿಲ ಹೊರಗೆ ಒಂದು ಚಾಪೆ ಹಾಸಿದ್ದೆವು. ಅವಳು ಅಲ್ಲಿ ಕೂತು ಒಂದು ಗಿಲಕಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಟಲಿ ತುಂಬಿಸಿದ್ದ ನಮ್ಮ ಹುಡುಗಿ ಅವಳ ಹತ್ತಿರ ಹೋಗಿ “ಇದ್ರಲ್ಲಿ ಸ್ವಲ್ಪನೇ ಹಾಕಿದೀನಿ, ಜಾಸ್ತಿ ಹಾಕಿದ್ರೆ ಕೂಗಲ್ಲ” ಅಂತ ವಿವರಿಸುತ್ತಾ ಕೂತಳು. ನಮ್ಮ ಕಾರ್ಯಕ್ರಮದಲ್ಲಿ ಇದು ಇರಲೇ ಇಲ್ಲ.

ಒಟ್ಟಿಗೆ ನುಡಿಸುವುದಕ್ಕೂ ಸಹಾಯ ಮಾಡುವುದಕ್ಕೂ ನಂಟಿದೆ ಅಂತ ಅದೇ ಕಿರ್ಶ್ನರ್, ಟೊಮಸೆಲ್ಲೊ 2010ರಲ್ಲಿ ಬರೆದಿದ್ದಾರೆ. ನಾಲ್ಕು ವರ್ಷದ ಮಕ್ಕಳನ್ನು ಜೋಡಿ ಮಾಡಿ, ಕೆಲವರಿಗೆ ಹಾಡು, ಕುಣಿತ, ವಾದ್ಯ ಇರುವ ಆಟ, ಇನ್ನು ಕೆಲವರಿಗೆ ಸಂಗೀತ ಇಲ್ಲದ ಅಂಥದ್ದೇ ಆಟ ಆಡಿಸಿದರು. ಆಮೇಲೆ ಜೊತೆಯವರಿಗೆ ತೊಂದರೆಯಾದಾಗ ಸಂಗೀತದ ಗುಂಪಿನ ಮಕ್ಕಳೇ ಜಾಸ್ತಿ ನೆರವಿಗೆ ಬಂದರು. ಚಾಪೆಯ ಮೇಲೆ ನಾನು ನೋಡಿದ್ದು ಇದರಿಂದಲೇ ಆಯಿತು ಅಂತ ಹೇಳಲಾರೆ. ಆ ಹುಡುಗಿಗೆ ತನ್ನ ಗಿಲಕಿಯ ಬಗ್ಗೆ ಹೇಳಿಕೊಳ್ಳುವ ಉಮೇದೂ ಇತ್ತು.

ನಮ್ಮ ಹಾಡು ಮುಗಿದ ಮೇಲೆ ಅವರು ತಮ್ಮದೊಂದು ಹಾಡು ಕಲಿಸಿದರು. ಮೈಯನ್ನೇ ವಾದ್ಯ ಮಾಡಿಕೊಂಡ ಹಾಡು: ತೊಡೆ ಬಡಿಯುವುದು, ಕೆನ್ನೆ ಉಬ್ಬಿಸಿ ಪಟ್ ಅನಿಸುವುದು, ನೆಲ ತಟ್ಟುವುದು. ವಾದ್ಯ ಇಲ್ಲದವರು ಅಂತ ನಾವು ಅಂದುಕೊಂಡಿದ್ದವರ ಲಯ ನಮ್ಮ ಮಕ್ಕಳಿಗಿಂತ ಗಟ್ಟಿಯಾಗಿತ್ತು. ನಮ್ಮವರು ತಡವರಿಸಿದಾಗ ಅವರು ಕೈ ಹಿಡಿದು ತೋರಿಸಿದರು. ವಾಪಸ್ ಬರುವಾಗ ಗಾಡಿಯಲ್ಲೆಲ್ಲ ಕೆನ್ನೆ ಪಟ್ ಪಟ್.

ರಜೆ ಮುಗಿದು ಸ್ವಲ್ಪ ದಿನಕ್ಕೆ ಆ ಟೀಚರಿಗೆ ಮತ್ತೆ ಫೋನ್ ಮಾಡಿದೆ. ಗೆಜ್ಜೆಪಟ್ಟಿಗಳೇ ಜಾಸ್ತಿ ಬಳಕೆಯಲ್ಲಿವೆ ಅಂದರು. ಆಟ ಮುಗಿಸಿ ಸಾಮಾನು ಎತ್ತಿಡುವ ಹೊತ್ತಿಗೆ ಅವನ್ನು ಕಟ್ಟಿಕೊಂಡು ಎತ್ತಿಡುತ್ತಾರಂತೆ, ಎಲ್ಲರ ಕೈ ಓಡುತ್ತದಂತೆ. ಝೈಲೋಫೋನಿನ ಕೋಲು ಒಂದು ಕಳೆದಿದೆ, ಒಂದು ಡೋಲಿನ ಚರ್ಮ ಸಡಿಲವಾಗಿದೆ. “ರಜೆ ಬಂತು ಅಂದ್ರೆ ಎಲ್ಲರೂ ಕೊಡೋಕೆ ಬರ್ತಾರೆ ಮೇಡಂ. ಆಮೇಲೆ ಏನಾದ್ರೂ ಮುರಿದ್ರೆ ಕೇಳೋಕೆ ಯಾರೂ ಇರಲ್ಲ” ಅಂತಲೂ ಅಂದರು.

ಅದಕ್ಕೇ ಮಧ್ಯದಲ್ಲಿ ಒಮ್ಮೆ ರಿಪೇರಿಗೆ ಅಂತ ಹೋಗುವುದೆಂದು ತೀರ್ಮಾನ ಮಾಡಿದ್ದೇವೆ. ನಮ್ಮ ಮಕ್ಕಳು ಈಗ ಕೋಲುಗಳ ತುದಿಗೆ ಬಟ್ಟೆ ಸುತ್ತಿ ದಾರ ಬಿಗಿಯುತ್ತಿದ್ದಾರೆ. ಗಂಟು ಮಾತ್ರ ನಾವು ಹಾಕುತ್ತೇವೆ. ಡೋಲಿನ ಚರ್ಮ ಬಿಗಿಸೋಕೆ ಗೊತ್ತಿರುವವರು ಪೋಷಕರಲ್ಲಿ ಒಬ್ಬರು ಸಿಕ್ಕಿದ್ದಾರೆ, ಬಿಸ್ಕತ್ತಿನ ಮಾತು ಹೇಳಿ ನಗಿಸಿದ ಅಪ್ಪ.